ಸೋತವರ ಕಡೆ ಹಚ್ಚೊಳ್ಳಿ

1934ರ ನವೆಂಬರ್ 4ರಂದು ಮದ್ರಾಸಿನ ಚೆಪಾಕ್ ಮೈದಾನದಲ್ಲಿ ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆಯಿತು. ಆ ಕಡೆ ಮದ್ರಾಸು, ಈ ಕಡೆ ಮೈಸೂರು. ಮೈಸೂರು 48ಕ್ಕೆ ಆಲೌಟ್. ಮದ್ರಾಸು 130 ಹೊಡೆಯಿತು. ಮತ್ತೆ ಬ್ಯಾಟ್ ಹಿಡಿದ ಮೈಸೂರು 59ಕ್ಕೆ ಮುಗಿಯಿತು. ಎ.ಜಿ. ರಾಮ್ ಸಿಂಗ್ ಒಬ್ಬರೇ 11 ವಿಕೆಟ್ ಕಿತ್ತರು. ಬೆಳಿಗ್ಗೆ ಶುರುವಾದ ಪಂದ್ಯ ಅದೇ ದಿನ ಸಂಜೆಯೊಳಗೆ ಖಲಾಸ್. ರಣಜಿಯಲ್ಲಿ ಮೊದಲ ಸೋಲು ಉಂಡವರು ಮೈಸೂರಿನವರು.

ಆದರೆ ಅವತ್ತು ನಾವು ಹಚ್ಚೊಳ್ಳಿಯವರು ಗೆದ್ದ ಕಡೆ ಇದ್ದೆವು! ಬಳ್ಳಾರಿ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದ್ದು. ನಮ್ಮಜ್ಜ ಕ್ರಿಕೆಟ್ ಎಂಬ ಹೆಸರನ್ನೇ ಕೇಳಿದವನಲ್ಲ, ಆದರೂ ನಕಾಶೆಯ ಲೆಕ್ಕದಲ್ಲಿ ಅವನ ತಂಡ ಇನಿಂಗ್ಸ್ ಮತ್ತು 23 ರನ್‌ಗಳಿಂದ ಗೆದ್ದಿತ್ತು. ಆಮೇಲೆ ಆಂಧ್ರ ರಾಜ್ಯ ಬೇಕೆಂದು ಪೊಟ್ಟಿ ಶ್ರೀರಾಮುಲು ಉಪವಾಸ ಕೂತು 1952ರ ಡಿಸೆಂಬರಿನಲ್ಲಿ ಪ್ರಾಣ ಬಿಟ್ಟರು. ಮರುವರ್ಷ, 1953ರ ಅಕ್ಟೋಬರ್ 1ರಂದು, ಜಿಲ್ಲೆಯನ್ನು ಹಂಚಿದರು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಸಿರುಗುಪ್ಪ ತಾಲೂಕು, ಅದರ ಜೊತೆ ನಮ್ಮ ಹಚ್ಚೊಳ್ಳಿ, ಮೈಸೂರಿಗೆ ಬಂದವು. ಗೆರೆ ಎಳೆದವರು ಹೊಲ ನೋಡಿದರು, ಭಾಷೆ ನೋಡಿದರು. ಮುಂದೆ ಯಾರ ಸೋಲಿಗೆ ಯಾರು ಅಳಬೇಕು ಅನ್ನುವುದೂ ಅದೇ ಗೆರೆಯಲ್ಲಿ ತೀರ್ಮಾನವಾಯಿತು ಅಂತ ಅವರಿಗೆ ಹೊಳೆದಿರಲಾರದು.

ನಾನು ಟೀವಿ ರಿಪೇರಿಯವನು. ಪಿಕ್ಚರ್ ಟ್ಯೂಬಿನ ಕಾಲದಿಂದ ಹಿಡಿದು ಈಗಿನ ಪ್ಯಾನೆಲ್ಲಿನವರೆಗೆ ಊರಿನ ಟೀವಿಗಳ ಹೊಟ್ಟೆ ಬಿಚ್ಚಿ ನೋಡಿದ್ದೇನೆ. ಚರಿತ್ರೆ ಬರೆಯುವವರಿಗೆ ಶಾಸನ ಸಿಗುತ್ತದೆ, ತಾಳೆಗರಿ ಸಿಗುತ್ತದೆ. ನನಗೆ ಸಿಕ್ಕಿದ್ದು ಒಡೆದ ರಿಮೋಟುಗಳು. ಸೋಲಿನ ಮರುದಿನ ಅಂಗಡಿಗೆ ಬರುವ ರಿಮೋಟಿನ ಗಾಯವೇ ಬೇರೆ. ಗುಂಡಿ ಸವೆದಿದ್ದರೆ ಅದು ಧಾರಾವಾಹಿ ನೋಡುವ ಮನೆಯದು. ಮೂಲೆ ಸೀಳಿ, ಬ್ಯಾಟರಿಯ ಸ್ಪ್ರಿಂಗ್ ಹೊರಗೆ ಬಂದಿದ್ದರೆ ಅದು ಗೋಡೆಗೆ ಬಿದ್ದದ್ದು. ತಂದವನು “ಹುಡುಗ್ರು ಕೆಡವ್ಯಾವ್ರಿ” ಅನ್ನುತ್ತಾನೆ. ನಾನೂ ಹೂಂ ಅನ್ನುತ್ತೇನೆ.

ನನ್ನ ನೆನಪಿನ ಮೊದಲ ಸೋಲಿಗೆ ಟೀವಿಯೂ ಇರಲಿಲ್ಲ, ರಿಮೋಟೂ ಇರಲಿಲ್ಲ. 1982ರ ಮಾರ್ಚ್, ದೆಹಲಿಯ ಕೋಟ್ಲಾದಲ್ಲಿ ರಣಜಿ ಫೈನಲ್. ನಾನಾಗ ಶಾಲೆ ಹುಡುಗ. ಪೇಪರು ಸಿರುಗುಪ್ಪದ ಬಸ್ಸಿನಲ್ಲಿ ಬರುತ್ತಿತ್ತು, ಹೋಟ್ಲಿನ ಬೆಂಚಿನ ಮೇಲೆ ಹಾಳೆ ಹಾಳೆಯಾಗಿ ಹರಿದು ಹಂಚಿಹೋಗುತ್ತಿತ್ತು. ಕರ್ನಾಟಕ 705. ಬ್ರಿಜೇಶ್ ಪಟೇಲ್, ಕಿರ್ಮಾನಿ, ರೋಜರ್ ಬಿನ್ನಿ, ಎಲ್ಲರದೂ ಶತಕ. 705 ಹೊಡೆದ ಮೇಲೆ ಇನ್ನೇನು ಉಳಿಯಿತು, ಕಪ್ ಬಂತು ಅಂತ ಹಿರಿಯರು ಎಲೆ ಅಡಿಕೆ ಹಾಕಿಕೊಂಡು ಕೂತರು. ದೆಹಲಿಯ ಎಂಟನೇ ವಿಕೆಟ್ ಬಿದ್ದಾಗ ಅವರದು 589. ಆಮೇಲೆ ರಾಕೇಶ್ ಶುಕ್ಲಾ, ರಾಜೇಶ್ ಪೀಟರ್ ಅನ್ನುವ ಇಬ್ಬರು ಔಟೇ ಆಗಲಿಲ್ಲ. 8 ವಿಕೆಟಿಗೆ 707. ಮೊದಲ ಇನಿಂಗ್ಸಿನ ಮುನ್ನಡೆಯಲ್ಲಿ ಕಪ್ ದೆಹಲಿಯ ಪಾಲಾಯಿತು. 705 ಹೊಡೆದೂ ಸೋಲಬಹುದು ಅಂತ ಕಲಿತ ವಯಸ್ಸಿನಲ್ಲಿ ನಾನಿನ್ನೂ ಮಗ್ಗಿ ಸರಿಯಾಗಿ ಕಲಿತಿರಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಕರ್ನಾಟಕ ರಣಜಿಯಲ್ಲಿ ಸೋಲುಗುಳಿ ತಂಡವಲ್ಲ. 15 ವರ್ಷ ಬಿಡದೆ ಗೆದ್ದಿದ್ದ ಮುಂಬೈಯನ್ನು 1974ರ ಸೆಮಿಫೈನಲ್ಲಿನಲ್ಲಿ ಬೆಂಗಳೂರಿನಲ್ಲೇ ಕೆಡವಿದವರು ನಮ್ಮವರು. ವಿಶ್ವನಾಥ್ 162, ಬ್ರಿಜೇಶ್ 106, ನಾಯಕ ಪ್ರಸನ್ನ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದು ವರ್ಷವೂ ತುಂಬಿರಲಿಲ್ಲ, ಆಗಲೇ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ರಣಜಿ ಕಪ್ ತಂದರು. ಆದರೆ ಗೆದ್ದದ್ದನ್ನು ಊರು ಬೇಗ ಮರೆಯುತ್ತದೆ. ಹೋಟ್ಲಿನಲ್ಲಿ 1974 ಅಂದರೆ ಇವತ್ತಿನ ಹುಡುಗರು ಆಕಳಿಸುತ್ತಾರೆ. 2016 ಅನ್ನಿ, ಮಂಡಕ್ಕಿ ವಗ್ಗರಣಿಯ ಪ್ಲೇಟು ಕೆಳಗಿಟ್ಟು ಜಗಳಕ್ಕೆ ಬರುತ್ತಾರೆ.

2016ಕ್ಕೆ ಬರುವ ಮುಂಚೆ ನನ್ನ ಸೋದರಮಾವನ ವಿಷಯ ಹೇಳಬೇಕು. ಆತ ಆದೋನಿಯವನು. ಗೆರೆಯ ಆ ಕಡೆ. ನಮ್ಮೂರಲ್ಲಿ ಹೆಣ್ಣು ತರುವುದು, ಹೆಣ್ಣು ಕೊಡುವುದು ಗೆರೆ ನೋಡಿ ನಡೆಯುವುದಿಲ್ಲ. ಅರ್ಧ ಬೀಗರು ತೆಲುಗಿನವರು. ಮಂತ್ರಾಲಯಕ್ಕೆ ಹೋದಷ್ಟೇ ಸಲೀಸಾಗಿ ಆದೋನಿ ಸಂತೆಗೂ ಹೋಗುತ್ತೇವೆ. 2008ರ ತನಕ ಇದರಿಂದ ಯಾವ ತಾಪತ್ರಯವೂ ಇರಲಿಲ್ಲ. ಆ ವರ್ಷ ಐಪಿಎಲ್ ಬಂತು. ಬೆಂಗಳೂರಿಗೆ ಆರ್‌ಸಿಬಿ ಅಂತ ಒಂದು ತಂಡ, ಹೈದರಾಬಾದಿಗೊಂದು ತಂಡ. 1953ರಲ್ಲಿ ಸರ್ಕಾರ ಎಳೆದ ಗೆರೆ ಆಗ ನಮ್ಮ ಮನೆಯ ಪಡಸಾಲೆಯೊಳಗೆ ಬಂತು.

ಆರ್‌ಸಿಬಿಯ ಮೊದಲ ಪಂದ್ಯವೇ, ಐಪಿಎಲ್ಲಿನ ಮೊದಲ ಪಂದ್ಯವೂ ಅದೇ, 2008ರ ಏಪ್ರಿಲ್ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ. ಕೋಲ್ಕತ್ತಾದ ಮೆಕಲಮ್ ಒಬ್ಬನೇ 158. ನಮ್ಮವರೆಲ್ಲ ಸೇರಿ 82. ಅದರಲ್ಲೂ ಎಕ್ಸ್‌ಟ್ರಾ ರನ್ನೇ 19, ಯಾವ ಬ್ಯಾಟ್ಸ್‌ಮನ್ನೂ ಅಷ್ಟು ಹೊಡೆದಿರಲಿಲ್ಲ. ಚೆಪಾಕಿನ 48 ಮತ್ತು 59ರ ವಂಶದ ಮೊತ್ತವೇ ಇದು. ಎಂಟು ತಂಡಗಳಲ್ಲಿ ಏಳನೆಯವರಾಗಿ ಆ ವರ್ಷ ಮುಗಿಸಿದರು. ಸಿಟ್ಟು ನಮಗೆ ಮಾತ್ರ ಬಂದದ್ದಲ್ಲ. ಮಾಲೀಕ ವಿಜಯ್ ಮಲ್ಯ ತಂಡದ ಆಯ್ಕೆಯ ಬಗ್ಗೆ ಬಹಿರಂಗವಾಗಿ ಗೊಣಗಿದರು. ಟೂರ್ನಿ ನಡೆಯುತ್ತಿದ್ದಾಗಲೇ ಸಿಇಒ ಚಾರು ಶರ್ಮಾ ಹೊರಬಿದ್ದು, ಆ ಜಾಗಕ್ಕೆ ಬ್ರಿಜೇಶ್ ಪಟೇಲ್ ಬಂದರು. ಹೌದು, ಮುಂಬೈ ಮೇಲೆ 106 ಹೊಡೆದಿದ್ದ ಅದೇ ಬ್ರಿಜೇಶ್. ದುಡ್ಡಿದ್ದವನು ಸಿಇಒ ಬದಲಾಯಿಸುತ್ತಾನೆ, ಇಲ್ಲದವನು ರಿಮೋಟ್ ಎಸೆಯುತ್ತಾನೆ. ನನಗೆ ಎರಡನೆಯದರಿಂದಲೇ ಲಾಭ.

2009ರ ಮೇ 24ರ ಫೈನಲ್ ಜೊಹಾನ್ಸ್‌ಬರ್ಗ್‌ನಲ್ಲಿ ನಡೆಯಿತು. ಎದುರಿಗೆ ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್, ಹಿಂದಿನ ವರ್ಷ ಕಟ್ಟಕಡೆಗೆ ಬಿದ್ದಿದ್ದ ತಂಡ. ಬೇಸಿಗೆ ಅಂದರೆ ನಮ್ಮ ಕಡೆ ರಾತ್ರಿಯೂ ಕಲ್ಲು ಕಾಯ್ದಿರುತ್ತದೆ. ಟೀವಿಯನ್ನೇ ಮಾಳಿಗೆ ಮೇಲಕ್ಕೆ ಹೊತ್ತು ವೈರು ಎಳೆದಿದ್ದೆ. ಅನಿಲ್ ಕುಂಬ್ಳೆ 16 ರನ್ ಕೊಟ್ಟು 4 ವಿಕೆಟ್ ತೆಗೆದರು. ಚಾರ್ಜರ್ಸ್ 143. ಕೊನೆಯ ಓವರಿಗೆ ನಮಗೆ 15 ಬೇಕಿತ್ತು, ಕ್ರೀಸಿನಲ್ಲಿ ರಾಬಿನ್ ಉತ್ತಪ್ಪ, ಬೌಲರ್ ಆರ್.ಪಿ. ಸಿಂಗ್. ಆರು ರನ್ ಸಾಲಲಿಲ್ಲ. ಪಂದ್ಯಶ್ರೇಷ್ಠ ಪ್ರಶಸ್ತಿ ಸೋತ ತಂಡದ ಕುಂಬ್ಳೆಗೇ ಹೋಯಿತು, ಅದು ಹುಣ್ಣಿಗೆ ಉಪ್ಪು ಸವರಿದಂತೆ. ಅಷ್ಟರಲ್ಲಿ ಮೊಬೈಲು ಬಡಿದುಕೊಂಡಿತು. ಆದೋನಿ.

“ಏಮ್ ಅಲ್ಲುಡೂ, ಕಪ್ಪು ಯಾವ ಕಡೆ ಬಂತು?”

ಮಾವ ತಿರುಗಿ ಹೇಳಲು ಬಿಡದ ಮನುಷ್ಯ. ಫೋನು ಇಟ್ಟೇಬಿಟ್ಟ. ಎಂಟು ತಿಂಗಳು ಕಳೆಯುವುದರೊಳಗೆ, 2010ರ ಜನವರಿಯಲ್ಲಿ, ಮೈಸೂರಿನ ಗಂಗೋತ್ರಿ ಮೈದಾನದ ರಣಜಿ ಫೈನಲ್. ಮುಂಬೈ ಕೊಟ್ಟ ಗುರಿ 338. ಮನೀಶ್ ಪಾಂಡೆ 144 ಹೊಡೆದರು, ತಂಡ 331ಕ್ಕೆ ಮುಗಿಯಿತು. ಮತ್ತೆ ಆರೇ ರನ್. 2011ರಲ್ಲಿ ಚೆನ್ನೈ ಎದುರು 58 ರನ್ನಿನಿಂದ ಸೋತದ್ದು ಇವೆರಡರ ಮುಂದೆ ಏನೂ ಅನ್ನಿಸಲಿಲ್ಲ. ದೊಡ್ಡ ಅಂತರದಲ್ಲಿ ಸೋತರೆ ನಿದ್ದೆ ಬರುತ್ತದೆ. ಆರು ರನ್ನು ಹಾಸಿಗೆಯಲ್ಲಿ ಮಲಗಗೊಡುವುದಿಲ್ಲ, ಯಾವ ಚೆಂಡು ಬೌಂಡರಿಗೆ ಹೋಗಬಹುದಿತ್ತು ಅಂತ ಬೆಳಗಿನವರೆಗೆ ಎಣಿಸುತ್ತಿರುತ್ತೇವೆ.

ಇನ್ನು 2016ರ ಮೇ 29. ಕೊಹ್ಲಿ ಆ ವರ್ಷ 973 ರನ್ ಹೊಡೆದಿದ್ದ. ಫೈನಲ್ ಚಿನ್ನಸ್ವಾಮಿಯಲ್ಲೇ. ಎದುರಿಗೆ ಮತ್ತೆ ಹೈದರಾಬಾದ್, ಈ ಸಲ ಸನ್‌ರೈಸರ್ಸ್ ಎಂಬ ಹೆಸರಿನಲ್ಲಿ. ಅವರು 208. ಗೇಲ್ 38 ಚೆಂಡಿಗೆ 76, ಕೊಹ್ಲಿ 54, ಮೊದಲ ವಿಕೆಟಿಗೇ 114. ಪಟಾಕಿಯ ಸರ ಬಿಚ್ಚಿಟ್ಟಿದ್ದರು ಹುಡುಗರು. ನಂತರ ಒಬ್ಬೊಬ್ಬರೇ ಬಂದು ಒಬ್ಬೊಬ್ಬರೇ ಹೋದರು. 200ಕ್ಕೆ ನಿಂತಿತು. ಎಂಟು ರನ್ ಕಡಿಮೆ. ಪಟಾಕಿಯನ್ನು ಗಣೇಶನ ಹಬ್ಬಕ್ಕೆ ಎತ್ತಿಟ್ಟರು. ಮರುದಿನ ಬೆಳಿಗ್ಗೆ ನನ್ನ ಅಂಗಡಿಗೆ ರಿಮೋಟಲ್ಲ, ಟೀವಿಯೇ ಬಂತು, ಪ್ಯಾನೆಲ್ಲಿಗೆ ಅಡ್ಡ ಬಿರುಕು. ಪ್ಯಾನೆಲ್ ಒಡೆದರೆ ರಿಪೇರಿ ಇಲ್ಲ, ಹೊಸದು ಕೊಳ್ಳುವುದೇ ದಾರಿ. ಆ ಮನೆಯವರು ಭತ್ತದ ದುಡ್ಡು ಬರುವ ತನಕ ರೇಡಿಯೋ ಕೇಳಿದರು.

ಮಾವನಿಗೆ ಆ ಸಲ ನಾನೂ ಬಿಡಲಿಲ್ಲ. “ಮಾವಾ, ಎರಡು ವರ್ಷದ ಹಿಂದೆನೇ ಹೈದರಾಬಾದು ತೆಲಂಗಾಣಕ್ಕೆ ಹೋತು. ನಿಂದು ಆಂಧ್ರ. ನಿನಗ ಯಾ ಕಪ್ಪು, ಯಾ ತಂಡ?” ಅಂದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೆದ್ದೋರಿಗೆ ರಾಜ್ಯ ಯಾವುದಾದರೇನಲೇ” ಅಂದ. ಅದು ಗೆದ್ದವನ ಮಾತು. ಸೋತವರಿಗೆ ರಾಜ್ಯ, ಜಿಲ್ಲೆ, ತಾಲೂಕು ಎಲ್ಲ ನೆನಪಿರುತ್ತವೆ.

ಇದರ ಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 2017ರ ಏಪ್ರಿಲ್ 23ರಂದು ಈಡನ್ ಗಾರ್ಡನ್ಸ್‌ನಲ್ಲಿ 49ಕ್ಕೆ ಆಲೌಟ್, ಒಬ್ಬರದೂ ಎರಡಂಕಿ ಇಲ್ಲ. ನಾಲ್ಕು ವರ್ಷದ ಹಿಂದೆ ಅದೇ ತಾರೀಕಿಗೆ ಗೇಲ್ 175 ಹೊಡೆದು ತಂಡ 263 ಮಾಡಿತ್ತು. 2017ರಲ್ಲೂ 2019ರಲ್ಲೂ ಪಟ್ಟಿಯ ಕಟ್ಟಕಡೆ. “ಈ ಸಲ ಕಪ್ ನಮ್ದೇ” ಅನ್ನುವ ಕೂಗು ಇಂಥ ವರ್ಷಗಳಲ್ಲೇ ಊರೂರಿಗೆ ಹಬ್ಬಿದ್ದು ನನಗೆ ಇವತ್ತಿಗೂ ಸೋಜಿಗ.

ಮೆಲ್ಬರ್ನ್‌ನಲ್ಲಿ ಕಂಪ್ಯೂಟರ್ ಕೆಲಸಕ್ಕಿರುವ ನಮ್ಮ ಕಡೆಯ ಹುಡುಗನೊಬ್ಬ ಹೇಳಿದ್ದ, ಅಲ್ಲಿನ ಫುಟ್‌ಬಾಲಿನಲ್ಲಿ ಸೇಂಟ್ ಕಿಲ್ಡಾ ಅಂತ ಒಂದು ತಂಡ ಇದೆಯಂತೆ. 1897ರಲ್ಲಿ ಲೀಗಿಗೆ ಬಂದು ಮೊದಲ 48 ಪಂದ್ಯ ಬಿಡದೆ ಸೋತವರು. 1966ರಲ್ಲಿ ಒಂದೇ ಒಂದು ಪಾಯಿಂಟಿನಿಂದ ಕಪ್ ಗೆದ್ದರು, ಅದೇ ಮೊದಲು, ಅದೇ ಕೊನೆ. 2010ರ ಫೈನಲ್ ಸಮವಾಗಿ, ವಾರ ಬಿಟ್ಟು ಮತ್ತೆ ಆಡಿಸಿ, ಆಗ 56 ಪಾಯಿಂಟಿನಿಂದ ಸೋತರು. ಅವರ ಅಭಿಮಾನಿಗಳು ಈಗಲೂ ಕೆಂಪು, ಬಿಳಿ, ಕಪ್ಪು ಬಣ್ಣದ ಸ್ಕಾರ್ಫ್ ಸುತ್ತಿಕೊಂಡು ಹೋಗುತ್ತಾರಂತೆ. ಇದನ್ನು ಕೇಳಿ ನನಗೆ ಬಂದದ್ದು ಸಮಾಧಾನವಲ್ಲ, ಹೊಟ್ಟೆಕಿಚ್ಚು. ಅವರಿಗೆ ಮೈದಾನ ಟ್ರಾಮ್ ಹತ್ತಿ ಹೋಗುವಷ್ಟು ಹತ್ತಿರ. ಸೋತವರನ್ನು ಎದುರಿಗೇ ಬೈದು ಬರಬಹುದು. ನಮಗೆ ಚಿನ್ನಸ್ವಾಮಿ ಅಂದರೆ ಒಂದು ರಾತ್ರಿಯ ಬಸ್ಸು.

ಕಪ್ ಕೊನೆಗೂ ಬಂತು. ಮೊದಲು ತಂದವರು ಆರ್‌ಸಿಬಿಯ ಹೆಣ್ಣುಮಕ್ಕಳು, 2024ರ ಮಾರ್ಚ್ 17ರಂದು ದೆಹಲಿಯಲ್ಲಿ, ಸ್ಮೃತಿ ಮಂದಾನ ನಾಯಕಿ. ನಮ್ಮ ಶ್ರೇಯಾಂಕಾ ಪಾಟೀಲ 12 ರನ್ನಿಗೆ 4 ವಿಕೆಟ್. ಗಂಡಸರದು 2025ರ ಜೂನ್ 3ರಂದು ಅಹಮದಾಬಾದಿನಲ್ಲಿ, ಪಂಜಾಬ್ ಎದುರು. ಅಂತರ ಎಷ್ಟು ಗೊತ್ತೆ? ಆರು ರನ್. 2009ರಲ್ಲಿ ಕೊಟ್ಟದ್ದನ್ನು 16 ವರ್ಷದ ಮೇಲೆ ಬಡ್ಡಿಯಿಲ್ಲದೆ ವಾಪಸು ಕೊಟ್ಟ ಹಾಗೆ. ಮರುದಿನ ಚಿನ್ನಸ್ವಾಮಿಯ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ನನ್ನ ಅಂಗಡಿಯ ಟೀವಿಗಳಲ್ಲಿ ಕಪ್ಪು ಒಂದು ಕಡೆ, ಗೇಟಿನ ಮುಂದೆ ಬಿದ್ದ ಚಪ್ಪಲಿಗಳು ಇನ್ನೊಂದು ಕಡೆ. ಅದರ ಬಗ್ಗೆ ನನಗೆ ಹೆಚ್ಚು ಬರೆಯಲಾಗುವುದಿಲ್ಲ. 17 ವರ್ಷ ಸೋತಾಗ ಹೋದದ್ದು ಬರೀ ರಿಮೋಟು.

ಇನ್ನೊಂದು ಲೆಕ್ಕ ನನ್ನನ್ನು ಕಾಡುತ್ತದೆ. 2009ರಲ್ಲಿ ಸೋತ ಹನ್ನೊಂದರಲ್ಲಿ ಕರ್ನಾಟಕಕ್ಕೆ ಆಡಿದ ಐವರಿದ್ದರು: ದ್ರಾವಿಡ್, ಕುಂಬ್ಳೆ, ಉತ್ತಪ್ಪ, ಮನೀಶ್ ಪಾಂಡೆ, ವಿನಯ್ ಕುಮಾರ್. 2025ರಲ್ಲಿ ಗೆದ್ದ ಹನ್ನೊಂದರಲ್ಲಿ ಮಯಾಂಕ್ ಅಗರ್ವಾಲ್ ಒಬ್ಬನೇ. ಎರಡೂ ಫೈನಲ್ ಆಡಿದವನು ಕೊಹ್ಲಿ, ಅವನು ದೆಹಲಿಯವನು. ಸೋಲು ನಮ್ಮದಾಗಿದ್ದಷ್ಟು ಗೆಲುವು ನಮ್ಮದಾಗಲಿಲ್ಲ. ಹೀಗೆಂದರೆ ಹುಡುಗರು “ಅಣ್ಣಾ, ನಿಮಗ ಗೆದ್ರೂ ಸಮಾಧಾನ ಇಲ್ಲ” ಅನ್ನುತ್ತಾರೆ. ಇಲ್ಲ, ನಿಜ.

ಬಳ್ಳಾರಿಯ ಹೆಸರಲ್ಲೇ ಒಂದು ತಂಡವಿತ್ತು, ಕರ್ನಾಟಕ ಪ್ರೀಮಿಯರ್ ಲೀಗ್ ಅಂದರೆ ಕೆಪಿಎಲ್‌ನ ಬಳ್ಳಾರಿ ಟಸ್ಕರ್ಸ್. 2019ರ ಆಗಸ್ಟಿನಲ್ಲಿ ಮೈಸೂರಿನ ಫೈನಲ್ಲಿಗೆ ಹೋಗಿ ಹುಬ್ಬಳ್ಳಿ ಟೈಗರ್ಸ್ ಎದುರು ಎಂಟು ರನ್ನಿನಿಂದ ಸೋತಿತು. ಆರ್‌ಸಿಬಿಯ 2016ರ ಅದೇ ಎಂಟು. ಅವತ್ತು ನಾವು ಎಂದಿನಂತೆ ಬೈದುಕೊಂಡು ಮಲಗಿದೆವು. ನವೆಂಬರಿನಲ್ಲಿ, ಆ ಫೈನಲ್ಲಿನಲ್ಲಿ ಬೇಕೆಂದೇ ನಿಧಾನ ಆಡಲು ಹಣ ಪಡೆದರೆಂಬ ಆರೋಪದ ಮೇಲೆ ತಂಡದ ಇಬ್ಬರು ಆಟಗಾರರನ್ನು ಬೆಂಗಳೂರು ಪೊಲೀಸರು ಬಂಧಿಸಿದರು. 2022ರ ಜನವರಿಯಲ್ಲಿ ಹೈಕೋರ್ಟ್ ಆ ಪ್ರಕರಣ ರದ್ದುಮಾಡಿತು. ಮ್ಯಾಚ್ ಫಿಕ್ಸಿಂಗ್ ದಂಡಸಂಹಿತೆಯ 420ನೇ ಕಲಮಿನ ವಂಚನೆಯೊಳಗೆ ಬರುವುದಿಲ್ಲ ಎಂದಿತು. ಕಾನೂನು ಹಾಗಿದ್ದರೆ ಹಾಗೇ ಇರಲಿ. ಆದರೆ ಸೋತವರನ್ನು ಬೈಯುವುದಕ್ಕೆ ಒಂದು ನಂಬಿಕೆ ಬೇಕು, ಅವರು ಗೆಲ್ಲಲು ಆಡಿದರು ಅನ್ನುವ ನಂಬಿಕೆ. ಆ ನವೆಂಬರಿನಲ್ಲಿ ನಮ್ಮ ಹೋಟ್ಲಿನಲ್ಲಿ ಯಾರೂ ಬೈಯಲಿಲ್ಲ. ಅಷ್ಟು ಸಪ್ಪೆ ಸೋಲು ನಾನು ಕಂಡದ್ದಿಲ್ಲ.

ಕೆಪಿಎಲ್ ಅಲ್ಲಿಗೆ ನಿಂತಿತು. 2022ರಲ್ಲಿ ಮಹಾರಾಜ ಟ್ರೋಫಿ ಬಂದಾಗ ಆರು ತಂಡ ಕಟ್ಟಿದರು: ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಗುಲ್ಬರ್ಗ, ಶಿವಮೊಗ್ಗ, ಮಂಗಳೂರು. ಬಳ್ಳಾರಿ ಇಲ್ಲ. ಕರ್ನಾಟಕ ಕ್ರಿಕೆಟ್ ಸಂಸ್ಥೆಯವರಲ್ಲಿ ಗಡಿಯೂರಿನ ಒಬ್ಬ ರಿಪೇರಿಯವನ ಅರಿಕೆ: ಬಳ್ಳಾರಿಗೆ ಮತ್ತೆ ಒಂದು ತಂಡ ಕೊಡಿ. ಕಪ್ ತರಬೇಕೆಂಬ ಷರತ್ತೇನೂ ಇಲ್ಲ. ಸೋಲಲಿ, ನ್ಯಾಯವಾಗಿ ಸೋಲಲಿ, ಬೈಯುವುದು ನಮಗಿರಲಿ. ಒಡೆದ ರಿಮೋಟಿಗೆ ನಾನಿದ್ದೇನೆ.