ಕೆಳ ಕ್ರಮಾಂಕದ ಬ್ಯಾಟಿಂಗ್: ಕರ್ನಾಟಕದ ದೇಶೀಯ ಕ್ರಿಕೆಟ್ಟಿನಲ್ಲಿ

ಎಂಟನೆಯ ಕ್ರಮಾಂಕದಿಂದ ಹನ್ನೊಂದನೆಯದರವರೆಗೆ ದಾಂಡು ಹಿಡಿದು ಬರುವವರನ್ನು, ಬಹುಮಟ್ಟಿಗೆ ಬೌಲರುಗಳೇ ಆದ ಇವರನ್ನು, ಕನ್ನಡ ಪತ್ರಿಕೆಗಳು ‘ಬಾಲಂಗೋಚಿ’ಗಳೆಂದು ಕರೆಯುತ್ತ ಬಂದಿವೆ, ಗಾಳಿಪಟವನ್ನು ನೆಟ್ಟಗೆ ನಿಲ್ಲಿಸುವುದು ಬಾಲಂಗೋಚಿಯೇ ಎಂಬುದನ್ನು ನೆನೆದರೆ, ಹೆಸರಿನೊಳಗಣ ತಾತ್ಸಾರವು ಅಷ್ಟೇನೂ ನ್ಯಾಯವಾದುದಲ್ಲ.

1934ರ ನವೆಂಬರ್ 4ರಂದು ರಣಜಿ ಟ್ರೋಫಿಯ ಮೊತ್ತಮೊದಲ ಪಂದ್ಯವು ಮದರಾಸಿನ ಚೇಪಾಕಿನಲ್ಲಿ ನಡೆದಾಗ, ಮೈಸೂರು ತಂಡವು 48 ಮತ್ತು 59 ರನ್ನುಗಳಿಗೆ ಎರಡು ಸಲವೂ ಉರುಳಿ, 130 ರನ್ ಗಳಿಸಿದ ಮದರಾಸಿಗೆ ಒಂದೇ ದಿನದಲ್ಲಿ ಶರಣಾಯಿತು. ಇಂದಿನ ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದುದರಿಂದ, ಆಡಳಿತದ ಲೆಕ್ಕದಲ್ಲಿ ಈ ಊರುಗಳವರು ಗೆದ್ದ ಪಕ್ಷದವರು! 1956ರ ರಾಜ್ಯ ಪುನರ್ವಿಂಗಡಣೆಯ ಬಳಿಕವೇ ಅವರು ಮೈಸೂರಿನವರಾದುದು.

ಏಣೆಲು ಬೆಳೆಯ ಕೊಯ್ಲು ಮುಗಿದ ಗದ್ದೆಯಲ್ಲಿ, ಕೂಳೆಯನ್ನು ತುಳಿದು ಸಮಮಾಡಿಕೊಂಡು, ಟೆನಿಸ್ ಚೆಂಡಿನಿಂದ ಆಡುವ ಅಂಡರ್‌ಆರ್ಮ್ ಪಂದ್ಯಾಟವು ಈ ಸೀಮೆಯ ಕ್ರೀಡಾಭಿಮಾನಕ್ಕೆ ಹೆಗ್ಗುರುತು. ಕೆಲವೇ ಓವರುಗಳ ಆ ಆಟದಲ್ಲಿ ಕೊನೆಯ ದಾಂಡಿಗನೂ ಬೀಸಲೇಬೇಕು. ಕಣ್ಣು, ತೋಳುಗಳು ಪಳಗುತ್ತವೆ ನಿಜ, ಆದರೆ ಚೆಂಡನ್ನು ಬಿಟ್ಟುಕೊಡುವ ತಾಳ್ಮೆಯಾಗಲಿ, ಜೊತೆಗಾರನಿಗಾಗಿ ಒಂದು ಗಂಟೆ ನಿಲ್ಲುವ ವಿದ್ಯೆಯಾಗಲಿ ಗದ್ದೆಯಲ್ಲಿ ದೊರೆಯದು. ಅದನ್ನು ಕಲಿಸಿದುದು ಹಲವು ದಿನಗಳ ದೇಶೀಯ ಪಂದ್ಯ. ವಿಶೇಷವಾಗಿ, ಡ್ರಾ ಆದ ಪಂದ್ಯದಲ್ಲಿ ಮೊದಲ ಇನಿಂಗ್ಸಿನ ಮುನ್ನಡೆಯೇ ಜಯವನ್ನು ನಿರ್ಣಯಿಸುವ ನಿಯಮ.

ಈ ಪಾಠಕ್ಕೆ ಕರ್ನಾಟಕವು ತೆತ್ತ ಬೆಲೆ ದೊಡ್ಡದು. 1981–82ರ ರಣಜಿ ಸೆಮಿಫೈನಲ್ಲಿನಲ್ಲಿ ಬಂಟ್ವಾಳದ ನೆರೆಯ ಪುತ್ತೂರಿನಲ್ಲಿ ಜನಿಸಿದ ಎಡಗೈ ಸ್ಪಿನ್ನರ್ ರಘುರಾಮ ಭಟ್ಟರು ಹ್ಯಾಟ್ರಿಕ್ ಸಾಧಿಸಿ, ಸುನಿಲ್ ಗಾವಸ್ಕರರಂಥವರೂ ಎಡಗೈಯಲ್ಲಿ ಬ್ಯಾಟು ಹಿಡಿಯುವಂತೆ ಮಾಡಿ, ಮುಂಬಯಿಯನ್ನು ಮಣಿಸಿದ್ದರು. ದಿಲ್ಲಿಯ ಫೈನಲ್ಲಿನಲ್ಲಿಯಾದರೋ 705 ರನ್ನುಗಳ ಪರ್ವತವನ್ನೇ ಕಟ್ಟಿದ ಕರ್ನಾಟಕವನ್ನು ಆತಿಥೇಯರು ಎಂಟು ಹುದ್ದರಿಗೆ (ವಿಕೆಟ್ಟಿಗೆ) 707 ಗಳಿಸಿ ಮೀರಿದರು. ಮುಗಿಸಿದವರು ಹೆಸರಾಂತ ದಾಂಡಿಗರಲ್ಲ, ಒಂಬತ್ತನೆಯ ಹುದ್ದರಿಗೆ ಮುರಿಯದ 118 ರನ್ ಕೂಡಿಸಿದ ರಾಕೇಶ್ ಶುಕ್ಲಾ ಮತ್ತು ರಾಜೇಶ್ ಪೀಟರ್. ಮರುವರ್ಷ ಮುಂಬಯಿಯ ವಿರುದ್ಧ ಪ್ರಶಸ್ತಿಯನ್ನು ಮರಳಿ ಪಡೆದಾಗ ಕರ್ನಾಟಕದ ಕೈಹಿಡಿದುದೂ ಇದೇ ಮೊದಲ ಇನಿಂಗ್ಸಿನ ಲೆಕ್ಕ.

ಅನಂತರದ ಪೀಳಿಗೆಯಲ್ಲಿ ಗದಗಿನ ಸುನಿಲ್ ಜೋಶಿ 1995–96ರ ಒಂದೇ ರಣಜಿ ಋತುವಿನಲ್ಲಿ ಐನೂರಕ್ಕೂ ಮಿಕ್ಕಿ ರನ್ನುಗಳನ್ನೂ ಐವತ್ತಕ್ಕೂ ಮಿಕ್ಕಿ ಹುದ್ದರಿಗಳನ್ನೂ ಸಂಪಾದಿಸಿದರು. ಕಾಸರಗೋಡಿನ ಕುಂಬಳೆಯನ್ನು ಹೆಸರಿನಲ್ಲೇ ಹೊತ್ತ ಅನಿಲ್ ಕುಂಬ್ಳೆ, ಪ್ರಥಮ ದರ್ಜೆಯಲ್ಲಿ ಏಳು ಶತಕಗಳನ್ನು ಬಾರಿಸಿದವರಾದರೂ, ಟೆಸ್ಟ್ ಶತಕಕ್ಕಾಗಿ 2007ರ ಓವಲ್ ಪಂದ್ಯದವರೆಗೆ, ಎಂದರೆ ತಮ್ಮ 118ನೆಯ ಟೆಸ್ಟಿನವರೆಗೆ, ಕಾಯಬೇಕಾಯಿತು. ಇವರು ಬಾಲಂಗೋಚಿಗಳೆಂದರೆ ಯಾರೂ ಒಪ್ಪಲಾರರು.

2017ರ ಡಿಸೆಂಬರಿನಲ್ಲಿ ಕೋಲ್ಕತ್ತದಲ್ಲಿ ವಿದರ್ಭದೆದುರು ಸೆಮಿಫೈನಲ್ ಗೆಲ್ಲಲು 198 ರನ್ ಬೇಕಾಗಿದ್ದು, ಏಳು ಹುದ್ದರಿಗೆ 111 ಎಂಬ ದುರವಸ್ಥೆಯಿಂದ ವಿನಯ್ ಕುಮಾರ್, ಮಿಥುನ್, ಶ್ರೇಯಸ್ ಗೋಪಾಲ್ ತಂಡವನ್ನು 192ರವರೆಗೆ ಎಳೆದು ತಂದರು. ಸೋಲು ಐದೇ ರನ್ನುಗಳದು. 2019ರ ಜನವರಿಯಲ್ಲಿ ಬೆಂಗಳೂರಿನಲ್ಲಿ ರಾಜಸ್ಥಾನದ 224ಕ್ಕೆ ಉತ್ತರವಾಗಿ ಕರ್ನಾಟಕವು ಒಂಬತ್ತು ಹುದ್ದರಿಗೆ 166ರಲ್ಲಿ ತತ್ತರಿಸುತ್ತಿರಲು, ವಿನಯ್ ಕುಮಾರರೂ ರೋನಿತ್ ಮೋರೆಯವರೂ ಕೊನೆಯ ಹುದ್ದರಿಗೆ 97 ರನ್ ಸೇರಿಸಿದರು. ವಿನಯ್ ಅಜೇಯ 83. ಮೋರೆಯವರದು ಹತ್ತೇ ಹತ್ತು. ಕೆಳ ಕ್ರಮಾಂಕದ ಕಲೆಯನ್ನು ಅರಿಯಬಯಸುವವನು ಆ ಎಂಬತ್ತಮೂರಕ್ಕಿಂತ ಈ ಹತ್ತನ್ನೇ ಹೆಚ್ಚು ಪರಿಶೀಲಿಸಬೇಕು: ಹೊಡೆಯುವವನಿಗೆ ಎಸೆತಗಳನ್ನು ಒಪ್ಪಿಸಿ, ತಾನು ಔಟಾಗದೆ ಉಳಿದುಕೊಳ್ಳುವ ಕೆಲಸ ಅದು. ಕರ್ನಾಟಕವು ಆ ಪಂದ್ಯವನ್ನು ಆರು ಹುದ್ದರಿಗಳಿಂದ ಗೆದ್ದಿತು.