ನೂಲಿನ ಲೆಕ್ಕ, ನೂಲುವ ರೂಢಿ: ನಿತ್ಯಕ್ರಿಯೆ ನೆಲೆಗೊಳ್ಳುವ ಬಗೆ

ದಿನವೂ ಮಾಡುವ ಸಣ್ಣ ಕೆಲಸವೊಂದು ಮನುಷ್ಯನ ನಡವಳಿಕೆಯನ್ನೇ ತಿದ್ದಬಲ್ಲದು ಎಂಬ ನಂಬಿಕೆಯನ್ನು ಗಾಂಧೀಜಿ ಚರಕದ ಮೂಲಕ ರಾಷ್ಟ್ರವ್ಯಾಪಿ ಪ್ರಯೋಗಕ್ಕೆ ಒಡ್ಡಿದರು. 1924ರ ಡಿಸೆಂಬರಿನಲ್ಲಿ ಅವರ ಅಧ್ಯಕ್ಷತೆಯಲ್ಲಿ ನಡೆದ ಬೆಳಗಾವಿ ಅಧಿವೇಶನವು 4 ಆಣೆ ಚಂದಾಕ್ಕೆ ಬದಲಾಗಿ ತಿಂಗಳಿಗೆ 2,000 ಗಜ ನೂಲನ್ನು ಕಾಂಗ್ರೆಸ್ ಸದಸ್ಯತ್ವದ ಷರತ್ತಾಗಿಸಿತು. ವರ್ಷ ತುಂಬುವ ಮೊದಲೇ, 1925ರ ಸೆಪ್ಟೆಂಬರಿನಲ್ಲಿ, ಪಾಟ್ನಾದಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿ 4 ಆಣೆಯ ದಾರಿಯನ್ನು ಮತ್ತೆ ತೆರೆಯಿತು. ಈ ಹಿನ್ನಡೆಯನ್ನು ಸ್ವರಾಜ್ಯ ಪಕ್ಷದೊಂದಿಗಿನ ಭಿನ್ನಮತದ ಭಾಗವಾಗಿ ಓದುವುದುಂಟು. ನಿಯಮದ ರಚನೆಯಲ್ಲೇ ಇದ್ದ ಒಂದು ಕಾರಣವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

1924ರ ಜೂನಿನಲ್ಲಿ ಅಹಮದಾಬಾದಿನಲ್ಲಿ ನಡೆದ ಇದೇ ಸಮಿತಿಯ ಸಭೆ ಚುನಾಯಿತ ಪ್ರತಿನಿಧಿಗಳಿಗೆ ವಿಧಿಸಿದ್ದು ಎರಡು ಕರ್ತವ್ಯ: ದಿನಕ್ಕೆ ಅರ್ಧ ಗಂಟೆ ನೂಲಬೇಕು, ತಿಂಗಳಿಗೆ 2,000 ಗಜ ಒಪ್ಪಿಸಬೇಕು. ಬೆಳಗಾವಿಯ ನಿಯಮದಲ್ಲಿ ಅರ್ಧ ಗಂಟೆಯ ಮಾತಿಲ್ಲ, ಗಜದ ಲೆಕ್ಕವಷ್ಟೇ ಇದೆ. ಸ್ವರಾಜ್ಯ ಪಕ್ಷದ ನಾಯಕರಾದ ಚಿತ್ತರಂಜನ ದಾಸ್ ಮತ್ತು ಮೋತಿಲಾಲ್ ನೆಹರು ಅವರೊಂದಿಗಾದ ಒಪ್ಪಂದದಂತೆ, ಕಾಯಿಲೆಯಿದ್ದವರು ಮಾತ್ರವಲ್ಲ, ಮನಸ್ಸಿಲ್ಲದವರೂ ಬೇರೆಯವರು ನೂತ ನೂಲನ್ನು ಕೊಡಬಹುದಿತ್ತು. ಹೀಗೆ ಕ್ರಿಯೆಯ ಜಾಗಕ್ಕೆ ಅದರ ಫಲ ಬಂದು ಕೂತಿತು. ಫಲವನ್ನು ಕೊಳ್ಳಬಹುದು, ತಿಂಗಳ ಕೊನೆಗೆ ತಳ್ಳಬಹುದು. ಕ್ರಿಯೆಗೆ ಅಂಥ ಅವಕಾಶವಿಲ್ಲ.

ಈ ವ್ಯತ್ಯಾಸದ ತೂಕ ಇತ್ತೀಚಿನ ಮನೋವಿಜ್ಞಾನದಿಂದ ಸ್ಪಷ್ಟವಾಗುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಹೋದ್ಯೋಗಿಗಳು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 96 ಮಂದಿ ತಿನ್ನುವ, ಕುಡಿಯುವ ಅಥವಾ ವ್ಯಾಯಾಮದ ಸಣ್ಣ ಕೆಲಸವೊಂದನ್ನು ದಿನದ ಗೊತ್ತಾದ ಸಂದರ್ಭಕ್ಕೆ ಜೋಡಿಸಿ 84 ದಿನ ನಡೆಸಿದರು. ಕೆಲಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಬೇಕಾದ ಅವಧಿಯ ಮಧ್ಯಾಂಕ 66 ದಿನ. ವ್ಯಾಪ್ತಿ 18ರಿಂದ 254. 254 ಎಂಬುದು ಅಧ್ಯಯನದ ಅವಧಿಯನ್ನು ಮೀರಿದ ಅಂದಾಜು. ರೂಢಿಯ ಬೆಳವಣಿಗೆಯನ್ನು ಅಂದಾಜಿಸಿದ ಗಣಿತದ ಮಾದರಿ ಚೆನ್ನಾಗಿ ಹೊಂದಿದ್ದೂ 39 ಮಂದಿಗೆ ಮಾತ್ರ. ಆದ್ದರಿಂದ ದಿನಗಳ ಸಂಖ್ಯೆಯನ್ನು ಸೂತ್ರವಾಗಿಸುವುದು ಸಲ್ಲದು. ಒಂದು ದಿನ ತಪ್ಪಿದರೆ ರೂಢಿಗೆ ಹೇಳಿಕೊಳ್ಳುವಂಥ ಧಕ್ಕೆಯಾಗದು ಎಂಬುದು ಇದೇ ಅಧ್ಯಯನದ ಇನ್ನೊಂದು ಮುಖ್ಯ ಫಲಿತ.

ಪೀಟರ್ ಗೋಲ್ವಿಟ್ಸರ್ ಮತ್ತು ಪಾಸ್ಕಲ್ ಶೀರನ್ 2006ರಲ್ಲಿ 94 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, 'ಇಂಥ ಹೊತ್ತು ಬಂದಾಗ ಇಂಥದನ್ನು ಮಾಡುವೆ' ಎಂದು ಮೊದಲೇ ಗೊತ್ತುಮಾಡಿಕೊಳ್ಳುವುದರಿಂದ ಗುರಿಸಾಧನೆಗೆ ಗಣನೀಯ ನೆರವಾಗುವುದು ಕಂಡುಬಂತು. ಬರೀ ಸಂಕಲ್ಪ ಮಾಡಿದವನಿಗೆ ಪ್ರತಿ ಸಲವೂ ಹೊಸದಾಗಿ ಮನಸ್ಸು ಮಾಡಬೇಕಾಗುತ್ತದೆ. ಹೊತ್ತು ಗೊತ್ತುಮಾಡಿಕೊಂಡವನಿಗೆ ಆ ಸಂದರ್ಭವೇ ಕೆಲಸವನ್ನು ನೆನಪಿಸುತ್ತದೆ.

ಈ ಬೆಳಕಿನಲ್ಲಿ, ಅಹಮದಾಬಾದಿನ ಅರ್ಧ ಗಂಟೆ ರೂಢಿಯ ಬೀಜವಾಗಬಹುದಿತ್ತು. ಹೊತ್ತು ಯಾವುದೆಂದು ಗೊತ್ತಾದರೆ ಸಾಕಿತ್ತು. ಬೆಳಗಾವಿಯ 2,000 ಗಜವಾದರೋ ತೆರಿಗೆಯ ಸ್ವರೂಪದ್ದು, ಕಟ್ಟಿದರೆ ಮುಗಿಯಿತು. ಸದಸ್ಯನ ದಿನಚರಿಯಲ್ಲಿ ಏನೂ ಬದಲಾಗದೆಯೇ ಷರತ್ತು ಪೂರೈಸಬಹುದಿತ್ತು.

ಈ ವಾದಕ್ಕೆ ಮಿತಿಯಿದೆ. ಚರಕದಲ್ಲೇ ನಂಬಿಕೆಯಿಲ್ಲದ ನಾಯಕರಿದ್ದರು. ಅವರ ವಿರೋಧವನ್ನು ರೂಢಿಯ ಕೊರತೆ ಎನ್ನಲಾಗದು. ಜೊತೆಗೆ, ತಾವೇ ಆಯ್ದುಕೊಂಡ ಕೆಲಸವನ್ನು ನಡೆಸಿದ ಲಂಡನ್ನಿನ ಸ್ವಯಂಸೇವಕರಿಗೂ ಷರತ್ತಿಗೆ ಒಳಗಾದ ಪಕ್ಷದ ಸದಸ್ಯರಿಗೂ ಹೋಲಿಕೆ ಪೂರ್ಣವಲ್ಲ. ಆದರೂ ಒಂದು ನಿರ್ಣಯಕ್ಕೆ ಬರಬಹುದು: ಸಣ್ಣ ಕೆಲಸದಿಂದ ಬಾಳು ಬದಲಾಗಬೇಕಾದರೆ ಲೆಕ್ಕಕ್ಕೆ ಸಿಗಬೇಕಾದದ್ದು ಉತ್ಪನ್ನವಲ್ಲ, ಗೊತ್ತಾದ ಹೊತ್ತಿಗೆ ಆ ಕೆಲಸಕ್ಕೆ ಕೂರುವುದು. ಅದನ್ನು ಮತ್ತೊಬ್ಬರಿಂದ ಮಾಡಿಸಿಕೊಳ್ಳಲು ಬಿಡುವ ನಿಯಮ ನೂಲನ್ನು ತಂದೀತು, ನೂಲುವವರನ್ನು ತಾರದು.