ಮನೆ ಮುಂದಿನ ಗಾಡಿ ದಾರಿಗೆ ಕಾಂಕ್ರೀಟೋ, ಡಾಂಬರೋ? ಎರಿ ನೆಲದವರು ಮೊದಲು ಮಣ್ಣು ನೋಡ್ರಿ

ಬಾಗಲಕೋಟೆ: ಮನೆ ಕಟ್ಟಿ, ಬಣ್ಣ ಹೊಡೆದು, ಗೇಟು ಕೂಡ್ರಿಸಿದ ಮೇಲೆ ಕಡೇಕ ಉಳಿಯೋದು ಗೇಟಿನಿಂದ ಕಟ್ಟೆಯವರೆಗಿನ ಜಾಗ. ಅಷ್ಟೊತ್ತಿಗೆ ಕೈಯಲ್ಲಿನ ರೊಕ್ಕ ಖಾಲಿ ಆಗಿರುತ್ತದೆ. ಹೀಗಾಗಿ ಈ ಕೆಲಸವನ್ನು ಹೆಂಗರ ಮುಗಿಸಿದರೆ ಸಾಕು ಎನ್ನುವವರೇ ಹೆಚ್ಚು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಎಲ್ಲಿ ನೋಡಿದರೂ ಎರಡು ಮಳೆಗಾಲಕ್ಕೆ ಸೀಳು ಬಿಟ್ಟ ಅಂಗಳ, ಕಾರಿನ ಗಾಲಿಯ ಜಾಗದಲ್ಲಿ ಕುಸಿದ ಕಾಂಕ್ರೀಟ್ ಕಾಣಲು ಇದೇ ಕಾರಣ. ಅಂಗಡಿ ಮುಂದಿನ ಜಾಗದ ಕಥೆಯೂ ಇದೇ.

ಡಾಂಬರು ಹಾಕಬೇಕೋ, ಕಾಂಕ್ರೀಟ್ ಹಾಕಬೇಕೋ ಎನ್ನುವ ಪ್ರಶ್ನೆ ಎರಡನೆಯದು. ಮೊದಲನೆಯದು, ಕೆಳಗಿನ ಮಣ್ಣು ಯಾವುದು ಎಂಬುದು.

ಎರಿ ಮಣ್ಣಿನ ಆಟ

ಜಿಲ್ಲೆಯಲ್ಲಿ ಎರಿ ಭೂಮಿಯೂ ಇದೆ, ಮಸಾರಿಯೂ ಇದೆ, ಬಾದಾಮಿ ಕಡೆ ಬಂಡೆಗಲ್ಲಿನ ನೆಲವೂ ಇದೆ. ಬಂಡೆ, ಗರಸು ನೆಲದ ಮೇಲೆ ಮನೆ ಇದ್ದವರು ಪುಣ್ಯವಂತರು, ಅವರಿಗೆ ಅರ್ಧ ಕೆಲಸ ಮುಗಿದಂತೆ. ಎರಿ ಮಣ್ಣು ಹಾಗಲ್ಲ. ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ ಮಣ್ಣೇ ಅಂಗಳದ ಕೆಳಗೂ ಇರುತ್ತದೆ. ಮೇಲೆ ಏನು ಹಾಕಿದರೂ ವರ್ಷಕ್ಕೊಮ್ಮೆ ಅದನ್ನು ಎತ್ತಿ ಇಳಿಸುವುದು ಇದೇ ಮಣ್ಣು.

ಇದಕ್ಕೆ ಇರುವ ಉಪಾಯ ಹಳೇದೇ. ಎರಿ ಮಣ್ಣನ್ನು ಒಂದೂವರೆಯಿಂದ ಎರಡು ಅಡಿ ತೆಗೆದು ಹೊರಗೆ ಹಾಕಬೇಕು. ಆ ಜಾಗಕ್ಕೆ ಗರಸು ತುಂಬಬೇಕು. ಒಮ್ಮೆಲೇ ಎರಡು ಅಡಿ ತುಂಬಿ ಮೇಲೆ ದಿಮ್ಮಸು ಹೊಡೆದರೆ ಉಪಯೋಗವಿಲ್ಲ. ಅರ್ಧ ಅಡಿ ಹಾಕುವುದು, ನೀರು ಹೊಡೆಯುವುದು, ಬಡಿಯುವುದು, ಮತ್ತೆ ಅರ್ಧ ಅಡಿ. ಬಾಡಿಗೆಗೆ ಸಿಗುವ ಸಣ್ಣ ಪ್ಲೇಟ್ ಮಷಿನ್ ತಂದರೆ ಇನ್ನೂ ಚಲೋ. ಪೂರ್ತಿ ಮಣ್ಣು ತೆಗೆಸುವಷ್ಟು ಆಗಲಿಲ್ಲ ಎಂದರೆ ಕನಿಷ್ಠ ಒಂದು ಅಡಿಯಾದರೂ ತೆಗೆಯಬೇಕು, ಮತ್ತು ಮಳೆ ನೀರು, ಬಚ್ಚಲ ನೀರು ಅಂಚಿನಲ್ಲಿ ಇಂಗದಂತೆ ನೋಡಿಕೊಳ್ಳಬೇಕು. ಎರಿ ಮಣ್ಣಿಗೆ ನೀರು ಸಿಗದಿದ್ದರೆ ಅದು ಅಷ್ಟು ಆಡುವುದಿಲ್ಲ.

ಇದೇ ಹೊತ್ತಿನಲ್ಲಿ ನಳದ ಪೈಪು, ಒಳಚರಂಡಿ ಪೈಪು, ಗೇಟಿನ ದೀಪದ ವಾಯರು ಎಲ್ಲವನ್ನೂ ಹೂಳಿ ಮುಗಿಸಬೇಕು. ಕಾಂಕ್ರೀಟ್ ಹಾಕಿದ ತಿಂಗಳಿಗೇ ಪೈಪ್ ಹಾಕಲು ಒಡೆಯುವುದು ನಮ್ಮ ಊರುಗಳ ರಸ್ತೆಯಲ್ಲಷ್ಟೇ ನಡೆಯಲಿ, ಮನೆಯಲ್ಲಿ ಬೇಡ.

ಡಾಂಬರು ಮನೆಗೆ ಯಾಕೆ ಒಗ್ಗೋದಿಲ್ಲ

ಡಾಂಬರು ಕೆಟ್ಟ ವಸ್ತು ಅಲ್ಲ. ಹುನಗುಂದ, ಇಳಕಲ್ ಪಕ್ಕದಲ್ಲೇ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಹಗಲು ರಾತ್ರಿ ಲಾರಿಗಳು ಡಾಂಬರಿನ ಮೇಲೇ ಓಡುತ್ತವೆ. ಆದರೆ ಅಲ್ಲಿ ಕೆಳಗೆ ಹಲವು ಪದರ ಖಡಿ ಇದೆ, ಮೇಲೆ 8-10 ಟನ್ನಿನ ರೋಲರ್ ಓಡಾಡಿದೆ. ಮಾಲು 140-150 ಡಿಗ್ರಿ ಬಿಸಿ ಇದ್ದಾಗಲೇ ಹರಡಿ, ಆರುವ ಮೊದಲು ತುಳಿಸಿರುತ್ತಾರೆ.

ಮನೆ ಮುಂದೆ ಲೆಕ್ಕ ಹಾಕಿ ನೋಡ್ರಿ. 10 ಅಡಿ ಅಗಲ, 30 ಅಡಿ ಉದ್ದದ ದಾರಿಗೆ ಎರಡು ಇಂಚು ಡಾಂಬರು ಹಾಕಿದರೆ ಬೇಕಾಗುವುದು ಸುಮಾರು ಮೂರೂಕಾಲು ಟನ್ ಮಾಲು. ಒಂದು ಟಿಪ್ಪರಿನ ಅರ್ಧವೂ ಆಗಲಿಲ್ಲ. ಇಷ್ಟಕ್ಕಾಗಿ ಹಾಟ್ ಮಿಕ್ಸ್ ಪ್ಲಾಂಟಿನವರು ಮಷಿನ್ ಚಾಲೂ ಮಾಡುವುದಿಲ್ಲ. ದೊಡ್ಡ ರೋಲರ್ ಗೇಟಿನೊಳಗೆ ತಿರುಗುವುದಿಲ್ಲ, ತಿರುಗಿದರೂ ಕಂಪೌಂಡ್ ಗೋಡೆ ನಡುಗುತ್ತದೆ. ರೋಲರ್ ಇಲ್ಲದೆ ಸಲಿಕೆಯಿಂದ ಬಡಿದ ಡಾಂಬರು ಒಳಗೆ ಜೊಳ್ಳಾಗಿ ಉಳಿಯುತ್ತದೆ. ನೀರು ಇಳಿದು, ಮೊದಲ ಮಳೆಗಾಲದಲ್ಲೇ ಖಡಿ ಬಿಟ್ಟುಕೊಳ್ಳುತ್ತದೆ.

ಇನ್ನು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ಅಂಥ ದಿನ ಕಪ್ಪು ಡಾಂಬರಿನ ಮೈ 60 ಡಿಗ್ರಿಗೂ ಮೇಲೆ ಕಾಯುತ್ತದೆ. ರಸ್ತೆಗೆ ಬಳಸುವ ವಿಜಿ-30 ದರ್ಜೆಯ ಡಾಂಬರು ಮೆತ್ತಗಾಗುವ ಉಷ್ಣಾಂಶ ಭಾರತೀಯ ಮಾನಕದ ಪ್ರಕಾರ ಕನಿಷ್ಠ 47 ಡಿಗ್ರಿ, ಗಟ್ಟಿ ದರ್ಜೆ ವಿಜಿ-40ಕ್ಕೆ ಕನಿಷ್ಠ 50. ಸರಿಯಾಗಿ ತುಳಿಸಿದ ರಸ್ತೆಯಲ್ಲಿ ಖಡಿಗೆ ಖಡಿ ಹಲ್ಲು ಕಚ್ಚಿದಂತೆ ಕೂತಿರುವುದರಿಂದ ಭಾರ ತಡೆಯುತ್ತದೆ. ಮನೆ ಮುಂದೆ ತುಳಿಸದೆ ಹಾಕಿದ್ದರಲ್ಲಿ ಬೈಕಿನ ಸೈಡ್ ಸ್ಟ್ಯಾಂಡ್ ಇಳಿದು ಗಾಡಿ ಮಲಗುತ್ತದೆ. ಅಂಗಡಿ ಮುಂದೆ ದಿನಕ್ಕೆ ಐವತ್ತು ಬೈಕ್ ನಿಲ್ಲುವ ಕಡೆ ಹೇಳುವುದೇ ಬೇಡ. ಪೆಟ್ರೋಲ್, ಡೀಸೆಲ್ ಸೋರಿದ ಜಾಗದಲ್ಲಿ ಡಾಂಬರು ಕರಗಿ ಉದುರುತ್ತದೆ, ಹಾಗಾಗಿ ಗ್ಯಾರೇಜಿನವರಂತೂ ಆ ಕಡೆ ನೋಡಲೇಬಾರದು.

ಮತ್ತೊಂದು ಮಾತು, ನಮ್ಮ ಕಡೆ ಅಂಗಳ ಬರೇ ಗಾಡಿ ನಿಲ್ಲಿಸಲು ಅಲ್ಲ. ಜೋಳ, ಕಡಲಿ, ಶೇಂಗಾ, ಮೆಣಸಿನಕಾಯಿ, ಹಪ್ಪಳ ಎಲ್ಲ ಅಲ್ಲೇ ಒಣಗಬೇಕು. ಡಾಂಬರಿನ ಮೇಲೆ ಹಪ್ಪಳ ಯಾರು ಹಾಕ್ಯಾರ?

ರಸ್ತೆ ಕೆಲಸ ನಡೆದಾಗ ಓಣಿಯಲ್ಲಿ ಬಂದು, ಸ್ವಲ್ಪ ಮಾಲು ಉಳದೈತಿ, ನಿಮ್ಮ ಮನಿ ಮುಂದ ಕಡಿಮಿ ರೊಕ್ಕದಾಗ ಹಾಕಿ ಕೊಡ್ತೀವಿ ಎನ್ನುವವರಿದ್ದಾರೆ. ಉಳಿದ ಮಾಲು ಎಂದರೆ ಆರಿದ ಮಾಲು. ಆರಿದ ಮೇಲೆ ಎಷ್ಟು ಬಡಿದರೂ ಅದು ಕೂಡುವುದಿಲ್ಲ. ಸರಕಾರಿ ಕಾಮಗಾರಿಯ ಮಾಲು ಆಗಿದ್ದರೆ ಅದು ಅವರು ಮಾರುವಂಥದ್ದೂ ಅಲ್ಲ. ಕಡಿಮೆ ರೊಕ್ಕ ಆದರೂ ನೀರಿಗೆ ಹಾಕಿದ ಹಾಗೆ.

ಡಾಂಬರು ನಿಜವಾಗಿ ಹೊಂದುವುದು ಕಲ್ಯಾಣ ಮಂಟಪ, ಶಾಲೆ, ಗೋದಾಮು, ಪೆಟ್ರೋಲ್ ಬಂಕಿಗೆ ಹೋಗುವ ಉದ್ದನೆ ದಾರಿಯಂಥ ದೊಡ್ಡ ಜಾಗಕ್ಕೆ. ಅಲ್ಲಿ ಟಿಪ್ಪರುಗಟ್ಟಲೆ ಮಾಲು ಹೋಗುತ್ತದೆ, ರೋಲರ್ ತಿರುಗುತ್ತದೆ, ಮರುದಿನವೇ ಗಾಡಿ ಬಿಡಬಹುದು. ಬಂಕಿನಲ್ಲೂ ಎಣ್ಣೆ ಹಾಕುವ ಜಾಗಕ್ಕೆ ಮಾತ್ರ ಕಾಂಕ್ರೀಟೇ.

ಕಾಂಕ್ರೀಟ್: ಮಾಲಿಗಿಂತ ನೀರು ಮುಖ್ಯ

ಸಿಮೆಂಟು ನಮ್ಮ ಜಿಲ್ಲೆಯದೇ ಮಾಲು. ಬಾಗಲಕೋಟೆಯಲ್ಲಿ ಹಳೆ ಸಿಮೆಂಟ್ ಕಾರ್ಖಾನೆ ಇದೆ, ಮುಧೋಳ ತಾಲೂಕಿನ ಮುದ್ದಾಪುರದಲ್ಲಿ ಜೆ.ಕೆ. ಸಿಮೆಂಟಿನ ಘಟಕ ಇದೆ. ಗೌಂಡಿಗಳೂ ಪ್ರತಿ ಓಣಿಯಲ್ಲಿ ಸಿಗುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ, ಹಳೆ ದರದ ಎಸ್ಟಿಮೇಟ್ ಹಿಡಿದು ಬಂದವರಿಗೆ ಇದನ್ನು ನೆನಪಿಸಬಹುದು.

ಬೈಕು, ಕಾರಿಗೆ 4 ಇಂಚು ದಪ್ಪ ನಡೆಯುತ್ತದೆ, 5 ಇಂಚು ನಿಶ್ಚಿಂತೆ. ಟ್ರ್ಯಾಕ್ಟರ್ ಟ್ರೇಲರ್ ಒಳಗೆ ಬರುವಂತಿದ್ದರೆ 6 ಇಂಚು ಹಾಕಬೇಕು. ಮೇಲೆ ಹೇಳಿದ 300 ಚದರ ಅಡಿಗೆ 5 ಇಂಚಿನ ಲೆಕ್ಕ ಹೀಗೆ: ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಉಸುಕು, ಮೂರು ಪಾಲು ಖಡಿ. ಇದೇ ಎಂ-20. ಸಿಮೆಂಟ್ ಸುಮಾರು 28 ಚೀಲ, ಉಸುಕು ಅಥವಾ ಎಂ-ಸ್ಯಾಂಡ್ ಅರ್ಧ ಬ್ರಾಸಿಗಿಂತ ಸ್ವಲ್ಪ ಹೆಚ್ಚು, ಖಡಿ ಒಂದು ಬ್ರಾಸಿಗಿಂತ ಸ್ವಲ್ಪ ಹೆಚ್ಚು. ಚೆಲ್ಲಾಪಿಲ್ಲಿ ಆಗುವುದಕ್ಕೆ ಎರಡು ಚೀಲ ಜಾಸ್ತಿ ಹಿಡಿಯಬೇಕು. ಇಷ್ಟೇ ಜಾಗಕ್ಕೆ ಯಾರಾದರೂ 15 ಚೀಲದಲ್ಲಿ ಮುಗಿಸುತ್ತೇವೆ ಎಂದರೆ ದಪ್ಪದಲ್ಲೋ ಪಾಲಿನಲ್ಲೋ ಕೈ ಹೋಗಿದೆ ಎಂದೇ ಅರ್ಥ.

ರೊಕ್ಕ ಕಡಿಮೆ ಇದ್ದವರಿಗೆ ಒಂದು ದಾರಿ ಇದೆ. ಪೂರ್ತಿ 10 ಅಡಿ ಹಾಕುವ ಬದಲು ಎರಡೂ ಗಾಲಿ ಓಡುವ ಜಾಗಕ್ಕೆ ಎರಡೂವರೆ ಅಡಿಯ ಎರಡು ಪಟ್ಟಿ ಹಾಕಿ, ನಡುವೆ ಸಣ್ಣ ಖಡಿ ಹರಡಿದರೆ ಮಾಲು ಅರ್ಧಕ್ಕೆ ಇಳಿಯುತ್ತದೆ. ದಪ್ಪ ಕಡಿಮೆ ಮಾಡಿ ಅಗಲ ಉಳಿಸಿಕೊಳ್ಳುವುದಕ್ಕಿಂತ ಅಗಲ ಕಡಿಮೆ ಮಾಡಿ ದಪ್ಪ ಉಳಿಸಿಕೊಳ್ಳುವುದು ಜಾಣತನ.

ಕೆಲಸ ಕೆಡುವುದು ಎರಡು ಕಡೆ. ಒಂದು, ಕಲಸುವಾಗ ನೀರು. ಎಂ-20ರ ಪಾಲಿಗೆ ಚೀಲಕ್ಕೆ 30 ಲೀಟರ್ ಮೇಲೆ ನೀರು ಹೋಗಬಾರದು ಎಂದು ಐಎಸ್ 456 ಹೇಳುತ್ತದೆ. ಹರಡಲು ಸಲೀಸಾಗಲಿ ಎಂದು ಆಳುಗಳು ಬಕೆಟ್ ಮೇಲೆ ಬಕೆಟ್ ಸುರುವಿದರೆ ಮೇಲೆ ನುಣ್ಣಗೆ ಕಾಣುತ್ತದೆ, ಆರು ತಿಂಗಳಿಗೆ ಧೂಳಾಗಿ ಏಳುತ್ತದೆ. ಬೋರಿನ ನೀರು ಸವಳಾಗಿದ್ದರೆ ಅದನ್ನು ಬಿಟ್ಟು ನಳದ ನೀರು ಹಿಡಿಯುವುದು ವಾಸಿ.

ಇನ್ನೊಂದು, ಹಾಕಿದ ಮೇಲಿನ ನೀರು. ಸಾದಾ ಓಪಿಸಿ ಸಿಮೆಂಟಿಗೆ ಕನಿಷ್ಠ 7 ದಿನ, ಬಿಸಿಲು ಮತ್ತು ಒಣ ಹವೆ ಇರುವಲ್ಲಿ ಕನಿಷ್ಠ 10 ದಿನ ಒದ್ದೆ ಇಡಬೇಕು. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಪಿಪಿಸಿಗೆ 14 ದಿನ ಇಟ್ಟರೆ ಒಳ್ಳೇದು. ಮುಂಜಾನೆ, ಸಂಜೆ ಎರಡು ಕೊಡ ಚಿಮುಕಿಸಿದರೆ ಅದು ಕ್ಯೂರಿಂಗ್ ಅಲ್ಲ. ಉಸುಕಿನ ಬದು ಕಟ್ಟಿ ನೀರು ನಿಲ್ಲಿಸಬೇಕು, ಇಲ್ಲವೇ ಗೋಣಿ ತಟ್ಟು ಹಾಸಿ ತೋಯಿಸುತ್ತಲೇ ಇರಬೇಕು. ಕಾಂಕ್ರೀಟಿಗೆ ಪೂರ್ತಿ ಬಲ ಎಂದು ಹಿಡಿಯುವುದು 28 ದಿನಕ್ಕೆ. ಎರಡು ವಾರ ಕಾರು ಹೊರಗೇ ನಿಲ್ಲಲಿ, ಲೋಡ್ ಗಾಡಿ ತಿಂಗಳಿನ ಮೇಲೆ ಬರಲಿ. ನೀರಿನ ತ್ರಾಸ ಇರುವ ಓಣಿಯವರು ಈ ಕೆಲಸವನ್ನು ಏಪ್ರಿಲ್, ಮೇನಲ್ಲಿ ಇಟ್ಟುಕೊಳ್ಳದೆ ದೀಪಾವಳಿ ದಾಟಿದ ಮೇಲೆ, ಶಿವರಾತ್ರಿಯೊಳಗೆ ಮುಗಿಸುವುದು ಲೇಸು.

ಸೀಳು ಹೇಗೂ ಬಿಡುತ್ತದೆ. ಎಲ್ಲಿ ಬಿಡಬೇಕು ಎಂದು ನಾವೇ ಹೇಳಿಕೊಡಬೇಕು. 5 ಇಂಚಿನ ಕಾಂಕ್ರೀಟಿಗೆ ಪ್ರತಿ 10 ಅಡಿಗೆ ಅಡ್ಡಲಾಗಿ ಒಂದೂಕಾಲು ಇಂಚು ಆಳದ ಗೆರೆ ಕೊಯ್ಯಿಸಿದರೆ ಬಿರುಕು ಆ ಗೆರೆಯೊಳಗೇ ಅಡಗುತ್ತದೆ. ಮನೆ ಗೋಡೆಗೆ ಅಂಟಿಸಿ ಹಾಕಬಾರದು, ನಡುವೆ ಅರ್ಧ ಇಂಚು ಥರ್ಮಾಕೋಲ್ ಪಟ್ಟಿ ಇರಲಿ. ಗಟ್ಟಿ ನೆಲದಲ್ಲಿ ಕಾರಿಗಾಗಿ ಕಬ್ಬಿಣ ಬೇಕಿಲ್ಲ. ಎರಿ ನೆಲದಲ್ಲಿ 8 ಎಂ.ಎಂ. ಸರಳಿನ ಜಾಳಿಗೆ ಹಾಕಿದರೆ ಬಿರುಕು ಅಗಲ ಆಗುವುದಿಲ್ಲ, ಆದರೆ ಅದು ನೆಲಕ್ಕೆ ತಾಗಿ ಮಲಗಿರಬಾರದು.

ಕಲ್ಲಿನ ನಾಡಿನಲ್ಲಿ ಕಲ್ಲು ಮರೆಯಬಾರದು

ಇಳಕಲ್ ಕೆಂಪು ಗ್ರಾನೈಟ್ ದೇಶ ವಿದೇಶಕ್ಕೆ ಹೋಗುತ್ತದೆ. ಕೊಯ್ದು ಉಳಿದ ತುಂಡುಗಳು ಅಂಗಳಕ್ಕೆ ಚಲೋ ಮಾಲು. ಪಾಲಿಶ್ ಮಾಡಿದ್ದು ಮಾತ್ರ ಬೇಡ, ಮಳೆಯಲ್ಲಿ ಮುದುಕರು ಜಾರಿ ಬೀಳುತ್ತಾರೆ. ಒರಟು ಮೈ ಇರುವುದನ್ನೇ ಕೇಳಬೇಕು. ಬಾದಾಮಿ, ಗುಳೇದಗುಡ್ಡ ಕಡೆಯ ಮರಳುಗಲ್ಲಿನ ಚಪ್ಪಡಿ ಕಾಲಿಗೆ ತಂಪು, ಕಾರಿನ ಭಾರಕ್ಕೆ ದಪ್ಪನೆಯದು ಬೇಕು. ತೆಳ್ಳನೆ ಫರಸಿ ಗಾಲಿ ಹತ್ತಿದರೆ ಒಡೆಯುತ್ತದೆ.

ಎರಿ ನೆಲದವರಿಗೆ ಪೇವರ್ ಬ್ಲಾಕ್ ಒಂದು ನಡುದಾರಿ. ನೆಲ ಆಡಿದರೆ ಬ್ಲಾಕ್ ತೆಗೆದು, ಮಟ್ಟ ಮಾಡಿ, ಅದೇ ಬ್ಲಾಕ್ ಮರಳಿ ಕೂಡ್ರಿಸಬಹುದು. ಕಾರು ಓಡುವ ಕಡೆ 60 ಎಂ.ಎಂ. ದಪ್ಪ, ಎಂ-35 ದರ್ಜೆ ಕೇಳಬೇಕು. 50 ಎಂ.ಎಂ. ಬರೇ ನಡೆದಾಡಲು. ಅಂಚಿಗೆ ಕಾಂಕ್ರೀಟ್ ಕಟ್ಟೆ ಇಲ್ಲದಿದ್ದರೆ ಬ್ಲಾಕುಗಳು ಒಂದೊಂದಾಗಿ ಹೊರಗೆ ಸರಿಯುತ್ತವೆ.

ಗಟಾರ, ರಸ್ತೆ ಮಟ್ಟ, ಬಾದಾಮಿಯವರಿಗೆ ಒಂದು ಸೂಚನೆ

ಇಳಿಜಾರು 10 ಅಡಿಗೆ 2 ಇಂಚು, ಮನೆಯಿಂದ ರಸ್ತೆ ಕಡೆಗೆ. ಗೇಟಿನ ಮುಂದಿನ ಗಟಾರವನ್ನು ಕಾಂಕ್ರೀಟಿನಿಂದ ಮುಚ್ಚಿಬಿಡಬಾರದು. ಎತ್ತಲು ಬರುವ ಚಪ್ಪಡಿ ಹಾಕಿದರೆ ಹೂಳು ತೆಗೆಯಲು ಬಂದವರು ಒಡೆಯುವುದಿಲ್ಲ. ರ‍್ಯಾಂಪನ್ನು ರಸ್ತೆಯ ಮೇಲೆ ಚಾಚಿದರೆ ಅದು ಒತ್ತುವರಿ. ನಗರಸಭೆ, ಪುರಸಭೆಯವರು ತೆರವು ಮಾಡಿದರೆ ಖರ್ಚು ಮಾಡಿದ್ದು ಹೋಯಿತು, ಅಂಗಡಿಯವರಿಗೆ ಈ ಪೆಟ್ಟು ಹೆಚ್ಚು.

ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಆ ಗೆರೆಯೊಳಗೆ ಮನೆ ಇದ್ದವರು ಅಂಗಳ ಅಗೆಯುವ ಮೊದಲು ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ, ಬರವಣಿಗೆಯಲ್ಲಿ ಉತ್ತರ ಪಡೆಯಬೇಕು.

ರಸ್ತೆಗೆ ಪ್ರತಿ ಸಲ ಹೊಸ ಪದರ ಹಾಕಿದಾಗ ಹಳೇದನ್ನು ಕೆತ್ತಿ ತೆಗೆಯುವುದು ಅಪರೂಪ. ರಸ್ತೆ ಏರುತ್ತಾ ಹೋಗುತ್ತದೆ, ಅಂಗಳ ತಗ್ಗಾಗುತ್ತದೆ, ಮಳೆ ನೀರು ಮನೆಯೊಳಗೆ ತಿರುಗುತ್ತದೆ. ಹಳೆ ಓಣಿಗಳಲ್ಲಿ ಎರಡು ಮೆಟ್ಟಿಲು ಇಳಿದು ಹೋಗಬೇಕಾದ ಮನೆಗಳು ಹೀಗೇ ಆದದ್ದು. ಗೇಟಿನ ಬುಡದ ಮಟ್ಟವನ್ನು ಈಗಿನ ರಸ್ತೆಗಿಂತ ಅರ್ಧ ಅಡಿಯಾದರೂ ಮೇಲಿಟ್ಟು, ಅಲ್ಲಿಂದ ಮನೆ ಕಡೆಗೆ ಏರುತ್ತಾ ಹೋಗುವಂತೆ ಕಾಂಕ್ರೀಟ್ ಹಾಕಿಸಬೇಕು. ದಾರ ಕಟ್ಟಿ ಮಟ್ಟ ಹಿಡಿಯುವಾಗ ಮನೆಯವರೇ ಎದುರಿಗೆ ನಿಂತು ನೋಡಬೇಕಾದ ಕೆಲಸ ಇದು.